ಎಡೆಗೆ ಬಂದ ಬೆಳ್ಳುಳ್ಳಿ

ನಾಸಿಕದಲ್ಲಿ ನಮ್ಮ ಹೋಟೆಲಿನವರ ಸಂಘಕ್ಕೆ ಮಹಾಲಯ ಅಮಾವಾಸ್ಯೆ ದೊಡ್ಡ ದಿನ. ಆವತ್ತು ಮಧ್ಯಾಹ್ನ ನಮ್ಮವರ ಹೋಟೆಲುಗಳೆಲ್ಲ ಬಾಗಿಲು ಹಾಕುತ್ತಿದ್ದವು. ತೀರಿಕೊಂಡ ಸದಸ್ಯರ ಹೆಸರಿನಲ್ಲಿ ಸಾಲಾಗಿ ಬಾಳೆ ಎಲೆ ಹಾಕಿ, ಅವರವರಿಗೆ ಪ್ರೀತಿಯಾದ ತಿನಿಸನ್ನು ಎಡೆ ಇಡುತ್ತಿದ್ದೆವು. ಆಮೇಲೆ ಒಬ್ಬೊಬ್ಬರ ಎಲೆಯ ಮುಂದೆಯೂ ಯಾರಾದರೂ ನಿಂತು, ಆ ಮನುಷ್ಯ ಇದ್ದಾಗ ಯಾರ ಕಷ್ಟಕ್ಕೆ ಹೇಗೆ ಒದಗಿದ ಎಂದು ಹೇಳಬೇಕು. ಊರು ಬಿಟ್ಟು ಬಂದವರು ನಾವು. ಕರಾವಳಿಯವರೇ ಹೆಚ್ಚು, ನನ್ನ ಹಾಗೆ ಬೀದರ ಕಡೆಯವರು ಬೆರಳೆಣಿಕೆಯಷ್ಟು. ಸತ್ತ ಮೇಲೆ ನಮ್ಮನ್ನು ಈ ಊರಿನಲ್ಲಿ ನೆನೆಯುವವರು ನಾವು ನಾವೇ.

ಎಪ್ಪತ್ತರ ಆಚೀಚೆಯ ಒಂದು ವರ್ಷ, ಸಾಲಿಗೆ ಹೊಸದೊಂದು ಎಲೆ ಸೇರುವುದಿತ್ತು. ಅದು ನನಗೆ ದೋಸೆ ಕಲಿಸಿದ ಅಣ್ಣನದು. ಒಡಹುಟ್ಟಿದವರಲ್ಲ, ಉಡುಪಿ ಕಡೆಯವರು. ಅಡಿಗೆಮನೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದೆವು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಕಾವಲಿಯ ಮುಂದೆ ನಿಲ್ಲಿಸಿ ಮನುಷ್ಯನನ್ನಾಗಿ ಮಾಡಿದವರು. ನನ್ನ ದೋಸೆಗೆ ಮಾಲೇಗಾಂವಿನ ಮಗ್ಗದ ಮಾಲೀಕರು ಮೋಟಾರು ಮಾಡಿಕೊಂಡು ಬರುತ್ತಿದ್ದರು. ಇದನ್ನು ಇವತ್ತಿಗೂ ತಲೆಯೆತ್ತಿ ಹೇಳುತ್ತೇನೆ, ಮತ್ತು ಅದು ಅಣ್ಣನ ಕೈಗುಣ ಎಂದೂ ಹೇಳುತ್ತೇನೆ. ಕಡೆಯ ಕೆಲವು ವರ್ಷ ಅವರು ಹೆಂಡತಿಯೊಡನೆ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋಗಿ, ಚಿಕಲಠಾಣಾದ ಹೊಸ ಕಾರ್ಖಾನೆಗಳ ಹತ್ತಿರ ಕ್ಯಾಂಟೀನ್ ಇಟ್ಟಿದ್ದರು. ಆ ಬೇಸಿಗೆಯಲ್ಲಿ ಅಲ್ಲೇ ತೀರಿಕೊಂಡರು. ಮದುವೆ ದಿನಗಳು, ಎಲ್ಲರಿಗೂ ಮೈತುಂಬ ಕೆಲಸ. ಸಂಘದಿಂದ ಒಂದು ಹಾರ ಹೋಯಿತೇ ಹೊರತು ಹೆಗಲು ಕೊಡಲು ಒಬ್ಬರೂ ಹೋಗಲಿಲ್ಲ. ನನ್ನ ಕಿವಿಗೆ ಸುದ್ದಿ ಬಿದ್ದಾಗ ಎಲ್ಲ ಮುಗಿದಿತ್ತು. ಸಂಘದವರ ಮುಖ ನೋಡುವುದಿಲ್ಲ ಎಂದು ಅಕ್ಕ, ಅಂದರೆ ಅಣ್ಣನ ಹೆಂಡತಿ, ಹೇಳಿ ಕಳಿಸಿದ್ದರು. ಅವರಿಲ್ಲದೆ ಅಣ್ಣನ ಎಲೆ ಹಾಕುವುದು ನನಗೆ ಸಾಧ್ಯವಿರಲಿಲ್ಲ.

ಕರೆದುಕೊಂಡು ಬರುತ್ತೇನೆ ಎಂದು ಎಲ್ಲರೆದುರು ಎದೆ ತಟ್ಟಿ ಎಸ್‌ಟಿ ಬಸ್ಸು ಹತ್ತಿದೆ. ಚಿಕಲಠಾಣಾದಲ್ಲಿ ಇಳಿದಾಗ ಪಾಳಿ ಬಿಟ್ಟ ಕೆಲಸಗಾರರು ಕ್ಯಾಂಟೀನಿಗೆ ಮುತ್ತಿಗೆ ಹಾಕಿದ್ದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬರೇ ನಡೆಸುತ್ತಿದ್ದರು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಅಂಗಿಯ ತೋಳು ಮಡಚಿ ದೋಸೆ ಕಾವಲಿಯ ಮುಂದೆ ನಿಂತುಬಿಟ್ಟೆ. ಗದ್ದಲ ಇಳಿದ ಮೇಲೆ ಅವರೇ ಚಹಾ ತಂದಿಟ್ಟು ಕೇಳಿದರು.

"ಅವ್ರ ಎಲೆಗೆ ಎಂತ ಬಡಿಸ್ತೀರಿ?"

"ಮಸಾಲೆ ದೋಸೆರೀ ಅಕ್ಕಾರೆ. ಮತ್ತೇನ್ ಬಡಸ್ತೀವ್ರಿ?"

"ದೋಸೆ ಅವ್ರು ಮಾಡಿದ್ದು ಮಾರಾಯಾ. ತಿಂದದ್ದು ನಾನೊಂದು ದಿನ ನೋಡ್ಲಿಲ್ಲ." ಅಕ್ಕ ನಕ್ಕರು, ಆದರೆ ಆ ನಗು ನನಗೆ ಚುಚ್ಚಿತು. "ಅವ್ರಿಗೆ ಎಂತ ಸೇರ್ತಿತ್ತು ಅಂತ ತಿಳ್ಕೊಳ್ಳಿ ಮೊದ್ಲು. ಅಮಾವಾಸ್ಯೆಗೆ ಬರ್ತೇನೆ. ಎಲೆ ನೋಡ್ತೇನೆ. ದೋಸೆ ಇದ್ರೆ ಬಂದ ಕಾಲಲ್ಲೇ ವಾಪಸ್."

ಏನು ತಿನ್ನುತ್ತಿದ್ದರು ಎಂದು ಕೇಳಿದೆ. ನಾನು ಹೇಳಿದ್ರೆ ನೀವು ತಿಳ್ಕೊಂಡ ಹಾಗಾಯ್ತಾ ಎಂದು ಲೋಟ ಎತ್ತಿಕೊಂಡು ಹೋದರು.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ನಾವು ಇಷ್ಟು ವರ್ಷ ಇಟ್ಟ ಎಡೆಗಳೆಲ್ಲ ಕಣ್ಣ ಮುಂದೆ ಬಂದವು. ಇಡ್ಲಿ ಮಾಡುತ್ತಿದ್ದವನಿಗೆ ಇಡ್ಲಿ, ಮೈಸೂರುಪಾಕಿನವನಿಗೆ ಮೈಸೂರುಪಾಕು, ಕಾಫಿ ಸೋಸುತ್ತಿದ್ದವನಿಗೆ ಕಾಫಿ. ಸತ್ತವರನ್ನೂ ನಾವು ಕೆಲಸಕ್ಕೇ ಹಚ್ಚಿದ್ದೆವು! ಹೋಟೆಲಿನವನು ಎಲ್ಲರ ಊಟ ಮುಗಿದ ಮೇಲೆ ಮೂಲೆಯಲ್ಲಿ ನಿಂತು ಉಳಿದದ್ದನ್ನು ತಿನ್ನುವವನು. ಅವನಿಗೆ ಏನು ಸೇರುತ್ತದೆ ಎಂದು ಪಕ್ಕದಲ್ಲಿದ್ದವನಿಗೂ ಗೊತ್ತಿರುವುದಿಲ್ಲ. ಈ ತಪ್ಪು ಹೋಟೆಲಿನವರು ಮಾತ್ರ ಮಾಡಬಲ್ಲರು.

ಮರುದಿನದಿಂದ ಕೆಲಸ ಮುಗಿಸಿ ಊರೆಲ್ಲ ಸುತ್ತಿದೆ. ಅಣ್ಣನಿಗೆ ಏನು ಇಷ್ಟ ಎಂದು ಕೇಳಿದರೆ ಜನ ಅಣ್ಣ ಮಾಡಿದ್ದನ್ನು ಹೇಳುತ್ತಿದ್ದರು. ಗೋದಾವರಿ ಉಕ್ಕಿ ಯಾತ್ರಿಕರು ಛತ್ರದ ಮಾಳಿಗೆ ಹತ್ತಿ ಕೂತಿದ್ದಾಗ ಹಂಡೆಗಟ್ಟಲೆ ಉಪ್ಪಿಟ್ಟು ಮಾಡಿ ದೋಣಿಯಲ್ಲಿ ಕಳಿಸಿದರಂತೆ. ವಿಷಮಜ್ವರ ಬಂದ ಮಾಣಿಯೊಬ್ಬನನ್ನು ತಮ್ಮ ಖೋಲಿಯಲ್ಲೇ ಮಲಗಿಸಿಕೊಂಡು ಗಂಜಿ ಕುಡಿಸಿ ಎಬ್ಬಿಸಿದರಂತೆ. ಅವರ ಕೈಕೆಳಗೇ ದುಡಿದ ನನಗೆ ಇದರಲ್ಲಿ ಅರ್ಧ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ನನ್ನ ಹುರುಪು ಏರಿತು, ದಣಿವು ಎನ್ನುವುದೇ ಮರೆತುಹೋಯಿತು. ತಿನಿಸು ಮಾತ್ರ ಸಿಗಲಿಲ್ಲ.

ಕೊನೆಗೆ ಸಿಕ್ಕಿದ್ದು ನದಿ ದಂಡೆಯ ಭಾಜಿ ಬಜಾರಿನಲ್ಲಿ. ಮೆಂತ್ಯೆ ಸೊಪ್ಪು ಮಾರುವ ಮರಾಠಿ ಆಜಿಯೊಬ್ಬಳು ನನ್ನ ಪ್ರಶ್ನೆ ಮುಗಿಯುವುದರೊಳಗೇ ಉತ್ತರ ಕೊಟ್ಟಳು. ಅಣ್ಣ ಬೆಳಿಗ್ಗೆ ತರಕಾರಿಗೆ ಬಂದಾಗ ಹಮಾಲರಿಗೆಲ್ಲ ಕೆಟಲಿನಲ್ಲಿ ಚಹಾ ತರುತ್ತಿದ್ದರಂತೆ. ಆಮೇಲೆ ಈರುಳ್ಳಿ ಮೂಟೆಯ ಮೇಲೆ ಕೂತು ಇವಳ ಬುತ್ತಿಯಿಂದ ಜೋಳದ ಭಾಕರಿ, ಅಂದರೆ ನಮ್ಮ ಬೀದರ ಕಡೆಯ ರೊಟ್ಟಿ, ಮತ್ತು ಠೇಚಾ ತಿನ್ನುತ್ತಿದ್ದರಂತೆ. ಠೇಚಾ ಎಂದರೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿದ ಖಾರ. ತಿಂದ ಮೇಲೆ ನದಿಯಲ್ಲಿ ಬಾಯಿ ಮುಕ್ಕಳಿಸಿ, ಹೋಟೆಲಿನಲ್ಲಿ ಹೇಳಬೇಡ ಎಂದು ನಗುತ್ತಿದ್ದರಂತೆ.

ಹೇಳಬಾರದ್ದೇ ಹೌದು. ನಮ್ಮ ಅಡಿಗೆಮನೆಗಳಿಗೆ ದೋಸೆಯ ಪಲ್ಯದ ನೆವದಲ್ಲಿ ಈರುಳ್ಳಿ ಬಂದಿತ್ತು, ಬೆಳ್ಳುಳ್ಳಿ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಎಡೆಯ ಅಡುಗೆಗಂತೂ ಎರಡೂ ನಿಷಿದ್ಧ, ಎಡೆಗೆ ಇಡುವ ಮಸಾಲೆ ದೋಸೆಯ ಪಲ್ಯಕ್ಕೂ ಈರುಳ್ಳಿ ಇಲ್ಲ. ಸಂಘದ ಸಭೆಯಲ್ಲಿ ನಾನು ಈ ಮಾತು ತೆಗೆದ ಕೂಡಲೇ ಅಧ್ಯಕ್ಷರು ತಲೆಗೆ ಕೈ ಹಚ್ಚಿದರು. ಅವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮಾಲೀಕರು, ಮಡಿಯ ಮನುಷ್ಯ.

"ಪಿತೃಗಳ ಎಲೆಗೆ ಬೆಳ್ಳುಳ್ಳಿಯಾ? ಹಾಗಾದ್ರೆ ಮುಂದಿನ ವರ್ಷ ಇನ್ನೊಬ್ಬನಿಗೆ ಆಮ್ಲೆಟ್ ಹಾಕುವ, ಆಗ್ಬಹುದಾ?"

ಸಭೆ ನಕ್ಕಿತು. ಬೀದರದವನಿಗೆ ತನ್ನೂರ ರೊಟ್ಟಿ ಎಲೆಗೆ ಏರಿಸುವ ಚಪಲ ಎಂದು ಹಿಂದಿನಿಂದ ಯಾರೋ ಸೇರಿಸಿದರು. ನನಗೆ ರೇಗಿತು.

"ಎಲಿ ಯಾರದ್ರಿ, ನಿಮ್ಮದೋ ಅವರದೋ? ಬದುಕಿದ್ದಾಗ ಕದ್ದು ತಿಂದ್ರು. ಸತ್ತ ಮ್ಯಾಲಾದ್ರೂ ರಾಜಾರೋಷಾಗಿ ತಿನ್ನಲಿ ಬಿಡ್ರಿ."

ನಗು ನಿಂತಿತು. ಅಕ್ಕನ ಶರತ್ತನ್ನೂ ಹೇಳಿದೆ. ಹಾರ ಕಳಿಸಿ ಸುಮ್ಮನಾದದ್ದು ಅಧ್ಯಕ್ಷರಿಗೂ ಒಳಗೊಳಗೇ ಕೊರೆಯುತ್ತಿತ್ತೆಂದು ಕಾಣುತ್ತದೆ. ಕೊನೆಗೆ ಅಡಿಗೆಮನೆಯೊಳಗೆ ಬೆಳ್ಳುಳ್ಳಿ ಬರಕೂಡದು, ಹೊರಗೆ ಏನಾದರೂ ಮಾಡಿಕೋ ಎಂದರು.

ಹೊರಗೇ ಮಾಡಿದೆ! ಅಮಾವಾಸ್ಯೆಯ ದಿನ ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ ರೊಟ್ಟಿ ನಾನೇ ಬಡಿದೆ. ಅವ್ವನಿಂದ ಕಲಿತ ಕೈ, ಒಂದೂ ಹರಿಯಲಿಲ್ಲ. ಆಜಿ ತನ್ನ ಕಲ್ಲು ತಂದು ಖಾರ ಕುಟ್ಟಿದಳು. ಬೆಳ್ಳುಳ್ಳಿಯ ಘಮ ಸಂಘದ ಅಂಗಳದ ತುಂಬ ಎದ್ದಾಗ ಒಳಗಿನ ಅಡಿಗೆಭಟ್ಟರು ಒಬ್ಬೊಬ್ಬರಾಗಿ ನೆವ ಮಾಡಿಕೊಂಡು ಹಿತ್ತಲಿಗೆ ಬಂದು ಹೋದರು. ನನ್ನ ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು.

ಅಕ್ಕ ಬಂದರು. ಹೆಗಲ ಚೀಲ ಇಳಿಸಲಿಲ್ಲ. ಯಾರ ನಮಸ್ಕಾರಕ್ಕೂ ನಿಲ್ಲದೆ ಎಲೆಗಳ ಸಾಲಿನ ಉದ್ದಕ್ಕೂ ನಡೆದು ಕೊನೆಯ ಎಲೆಯ ಮುಂದೆ ನಿಂತರು. ರೊಟ್ಟಿ, ಪಕ್ಕದಲ್ಲಿ ಹಸಿರು ಖಾರದ ಮುದ್ದೆ. ನಾನು ಅಣ್ಣನ ಪರವಾಗಿ ಮಾತಾಡಬೇಕಿತ್ತು. ಪ್ರವಾಹ, ದೋಣಿ, ಜ್ವರದ ಮಾಣಿ, ಹಮಾಲರ ಚಹಾ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹಿತ್ತಲ ಬಾಗಿಲಲ್ಲಿ ಆಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಖಾರಕ್ಕೋ ಏನೋ.

ನನ್ನ ಮಾತು ಮುಗಿದರೂ ಅಕ್ಕ ಅಲ್ಲಾಡಲಿಲ್ಲ. ಆಗ ಅಧ್ಯಕ್ಷರು ಎದ್ದು ಬಂದು ಅವರೆದುರು ಕೈ ಮುಗಿದರು. "ಆವತ್ತು ಬರ್ಬೇಕಿತ್ತು ತಂಗಿ. ಬರ್ಲಿಲ್ಲ. ತಪ್ಪಾಯ್ತು."

ಅಕ್ಕ ಬಗ್ಗಿ ಎಲೆಯ ಮೇಲಿನ ರೊಟ್ಟಿಯ ಅಂಚು ಮುರಿದು, ಖಾರ ಹಚ್ಚಿ, ಅಧ್ಯಕ್ಷರ ಅಂಗೈಯಲ್ಲಿಟ್ಟರು. ಅವರು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಕಿವಿಯವರೆಗೂ ಕೆಂಪಾದರು, ಆದರೆ ಅಗಿದು ನುಂಗಿದರು.

ಅಕ್ಕ ಹೆಗಲ ಚೀಲ ಇಳಿಸಿ ಗೋಡೆಗೆ ಒರಗಿಸಿದರು. ನನ್ನ ಕಡೆ ತಿರುಗಿದರು.

"ನಂಗೂ ಒಂದು ಎಲೆ ಹಾಕು ಮಾರಾಯಾ. ಬೆಳಿಗ್ಗೆಯಿಂದ ಎಂತದೂ ತಿನ್ಲಿಲ್ಲ."