ಗ್ಯಾಲರಿಯ ಕೆಳಗಿನ ಕೋಣೆ

ಮೊಮ್ಮಕ್ಕಳೇ, ಟೆರೇಸಿನ ಮೇಲೆ ನೀವು ಚೆಂಡು ಒದೆಯುವ ಸದ್ದು ಕೇಳಿದರೆ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮೇಲೆ ನೋಡುತ್ತೇನೆ. ಆಯಿಗೆ ಫುಟ್‌ಬಾಲ್ ಸೇರುವುದಿಲ್ಲ ಎಂದು ನೀವಿಬ್ಬರೂ ನಗುತ್ತೀರಿ. ನಿಮ್ಮ ಆಯಿ ಒಂದು ಫುಟ್‌ಬಾಲ್ ಸ್ಟೇಡಿಯಮ್ಮಿನೊಳಗೇ ಏಳು ವರ್ಷ ಸಂಸಾರ ಮಾಡಿದವಳು. ಅದನ್ನು ಕೆಡವಿದ್ದನ್ನೂ ನೋಡಿದವಳು. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅದಕ್ಕೇ ಊರ ಸಾಲೆಯಲ್ಲಿ ಕಲಿತಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಓದಲು ಬರುವುದಿಲ್ಲ, ನಿಮ್ಮ ತಾಯಿ ಓದಿ ಹೇಳಲಿ.

ಠಾಣೆ ಶಹರದ ವಾಗ್ಳೆ ಎಸ್ಟೇಟಿನಲ್ಲಿ ಒಂದು ಕಾರ್ಖಾನೆಯವರು ತಮ್ಮ ಕಾರ್ಮಿಕರಿಗೆಂದು ಆ ಮೈದಾನ ಮಾಡಿದ್ದರು. ಒಂದು ಬದಿಗೆ ಮಾತ್ರ ಸಿಮೆಂಟಿನ ಮೆಟ್ಟಿಲುಗಳ ಗ್ಯಾಲರಿ ಇತ್ತು. ಅಷ್ಟಕ್ಕೇ ಜನ ಅದನ್ನು ಸ್ಟೇಡಿಯಂ ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಕಮಿಟಿ ಅದನ್ನು ನೋಡಿಕೊಳ್ಳುತ್ತಿತ್ತು. ವಿಜಯಪುರದ ಕಡೆಯಿಂದ ಬಂದ ನನ್ನ ಗಂಡನಿಗೆ, ನಿಮ್ಮ ಮುತ್ಯಾನಿಗೆ, ಅಲ್ಲಿ ಕೆಲಸ ಸಿಕ್ಕಿತು. ಹುಲ್ಲಿಗೆ ನೀರು ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು, ಹರಿದ ಬಲೆ ಹೊಲಿಯುವುದು. ಇರಲಿಕ್ಕೆ ಗ್ಯಾಲರಿಯ ಕೆಳಗೆ ಒಂದು ಕೋಣೆ ಕೊಟ್ಟರು. ಅದರ ಚಾವಣಿಯೆಂದರೆ ಗ್ಯಾಲರಿಯ ಮೆಟ್ಟಿಲುಗಳ ತಳವೇ. ಒಂದು ತುದಿಯಲ್ಲಿ ನಿಂತುಕೊಳ್ಳಬಹುದು, ಇನ್ನೊಂದು ತುದಿಯಲ್ಲಿ ತೆವಳಬೇಕು. ಮ್ಯಾಚಿನ ದಿನ ನಮ್ಮ ತಲೆಯ ಮೇಲೆಯೇ ಜನ ಕುಣಿಯುತ್ತಿದ್ದರು. ನಾದಿದ ಹಿಟ್ಟಿನ ಮೇಲೆ ಸಿಮೆಂಟಿನ ಪುಡಿ ಉದುರುತ್ತಿತ್ತು. ನಾನು ಅದನ್ನು ಉಗುರಿನಿಂದ ತೆಗೆದು ರೊಟ್ಟಿ ಬಡಿಯುತ್ತಿದ್ದೆ.

ಬೇಸಿಗೆಯಲ್ಲಿ ಆ ಮೆಟ್ಟಿಲುಗಳು ಹಂಚಿನಂತೆ ಕಾಯುತ್ತಿದ್ದವು. ಮ್ಯಾಚ್ ಇಲ್ಲದ ದಿನ ನಾನು ಅಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದೆ, ಜೋಳ, ಮೆಣಸಿನಕಾಯಿ ಒಣಗಿಸುತ್ತಿದ್ದೆ. ಒಣಗಿದ ಸಂಡಿಗೆ ಬಟ್ಟೆಯಿಂದ ಏಳಬೇಕಾದರೆ ಸೀರೆಯ ಬೆನ್ನಿಗೆ ನೀರು ಚಿಮುಕಿಸಬೇಕು. ಅದನ್ನೂ ಅಲ್ಲೇ ಮಾಡುತ್ತಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ.

ಒಂದು ಬೇಸಿಗೆ ನಮ್ಮ ಕೋಣೆಯ ನೇರ ಮೇಲಿನ ಎರಡು ಮೆಟ್ಟಿಲುಗಳ ನಡುವೆ ಸಂದು ಕಂಡಿತು. ಜೋಳದ ಕಾಳೊಂದು ಅದರಲ್ಲಿ ಸಿಕ್ಕಿಕೊಂಡಿತ್ತು, ಪಿನ್ನಿನಿಂದ ಎಬ್ಬಿಸಿ ತೆಗೆದೆ. ಮರುವರ್ಷ ಕಾಳುಗಳು ನಿಲ್ಲದೆ ಒಳಗೆ ಹೋದವು. ಅದರ ಮರುವರ್ಷ ಒಂದು ಒಣ ಮೆಣಸಿನಕಾಯಿ ಹೋಯಿತು. ಹುಡುಕಿದರೆ ಅದು ನಮ್ಮ ಹಾಸಿಗೆಯ ಮೇಲೆ ಬಿದ್ದಿತ್ತು.

ನಿಮ್ಮ ಮುತ್ಯಾನಿಗೆ ತೋರಿಸಿದೆ. "ಏನ್ರಿ, ಇದನ್ನ ಕಮಿಟಿ ಸೆಕ್ರೆಟರಿಗೆ ಹೇಳ್ರಿ" ಎಂದೆ.

"ಹೇಳಿ ಏನ್ ಮಾಡ್ಲಿ? ಮೊದಲ ನಮ್ಮನ್ನ ಹೊರಗ ಹಾಕ್ತಾರ, ಆಮ್ಯಾಲ ಗ್ಯಾಲರಿ ನೋಡ್ತಾರ. ಸಣ್ಣ ಕೂಸ ಕಟಗೊಂಡು ಎಲ್ಲಿಗಿ ಹೋಗೂದು? ಸುಮ್ಕಿರು."

ಸುಮ್ಮನಿರುವುದು ನನಗೆ ಕಷ್ಟವಲ್ಲ. ಹಿಂದಿ ಬರುತ್ತಿರಲಿಲ್ಲ, ಮರಾಠಿಯಲ್ಲಿ ನಾಲ್ಕು ಮಾತು. ಗಂಡಸರ ಮುಂದೆ ನಿಂತರೆ ಅವೂ ಬರುತ್ತಿರಲಿಲ್ಲ.

ಅದೇ ತಿಂಗಳು ಫೈನಲ್ ಮ್ಯಾಚ್ ಬಂತು. ಅವತ್ತು ಗ್ಯಾಲರಿ ತುಂಬುತ್ತದೆ ಎಂದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ನಿಮ್ಮ ತಾಯಿ ಹುಣಸೆಬೀಜ ಹರವಿಕೊಂಡು ಆಡುತ್ತಿದ್ದಳು. ಆಗ ಅವಳಿಗೆ ನಾಲ್ಕು ವರ್ಷ. ಒಂದು ಬೀಜ ತೆಗೆದುಕೊಂಡು ಹೋಗಿ ಸಂದಿನ ಮೇಲಿಟ್ಟೆ. ಅದೂ ಹೋಯಿತು.

ಆಗ ನನಗೆ ತೋಚಿದ್ದು ಒಂದೇ. ಅಕ್ಕಿಹಿಟ್ಟಿನ ಗಂಜಿ ಕುದಿಸಿದೆ. ಜನ ಬರುವುದಕ್ಕೆ ಸ್ವಲ್ಪ ಮೊದಲು, ಮಧ್ಯಾಹ್ನ ಮೂರು ಗಂಟೆಗೆ, ಆ ಸಂದಿನ ಸುತ್ತ ಮೂರು ಮೆಟ್ಟಿಲುಗಳ ಮೇಲೆ ಸೀರೆ ಹಾಸಿ ಹಸಿ ಸಂಡಿಗೆ ಹಾಕಿದೆ. ನಿಮ್ಮ ತಾಯಿಯನ್ನು ಕೋಣೆಯಿಂದ ಎತ್ತಿಕೊಂಡು ಬಂದು, ಕೆಳಗೆ ನಲ್ಲಿಯ ಹತ್ತಿರ ಕೂತೆ.

ಜನ ಬಂದರು, ಬೈದರು, ನಕ್ಕರು. ರಾಯಚೂರ ಕಡೆಯ ಹಮಾಲನೊಬ್ಬ ಎಲ್ಲರಿಗೂ ಕೇಳುವಂತೆ, "ಯಕ್ಕಾ, ಸಂಡಿಗಿಗೂ ಟಿಕೇಟ್ ತಗಸೀಯೇನ?" ಎಂದ. "ಅದರ ಬಾಜೂಕ ಕುಂದರ್ತೀನಿ, ಎಣ್ಣಿ ಕಾಸ್ಕೊಂಡ್ ಬಾ!" ನಾನು ಸೆರಗು ಮುಖಕ್ಕೆ ಎಳೆದುಕೊಂಡೆ.

ಸೆಕ್ರೆಟರಿ ಕೆಂಪಗಾಗಿ ಬಂದರು. "ಮಾವ್ಶಿ, ಯೇ ಸಬ್ ಉಠಾವ್! ಫೈನಲ್ ಹೈ ಆಜ್!" ಎಲ್ಲ ಎತ್ತು ಎಂದರೂ ನಾನು ಏಳಲಿಲ್ಲ. ಅವರು ನಿಮ್ಮ ಮುತ್ಯಾನನ್ನು ಕೂಗಿದರು. ಮುತ್ಯಾ ಸುಣ್ಣದ ಕೈಯಲ್ಲೇ ಓಡಿ ಬಂದರು. ನನ್ನ ಕಡೆ ನೋಡಿ, "ತಲಿ ಕೆಟ್ಟೈತೇನ? ಹೊತ್ತ ಇಳಿಯೂ ಮುಂದ ಯಾರರ ಸಂಡಿಗಿ ಹಾಕ್ತಾರ?" ಎಂದು ಬೈಯುತ್ತ ಬಟ್ಟೆ ಎತ್ತಲು ಮೇಲೆ ಹೋಗಿ ಬಗ್ಗಿದರು.

ನಾನೂ ಹಿಂದೆಯೇ ಹತ್ತಿದೆ. ಬಟ್ಟೆಯ ಅಂಚು ಸರಿಸಿ, ಮುಷ್ಟಿಯಲ್ಲಿದ್ದ ಇನ್ನೊಂದು ಹುಣಸೆಬೀಜವನ್ನು ಸಂದಿನಲ್ಲಿ ಬಿಟ್ಟೆ. ಕೆಳಗೆ ನಮ್ಮ ಹಿತ್ತಾಳೆ ಕೊಡದ ಮೇಲೆ ಅದು ಟಣ್ ಎಂದಿತು. ಇಬ್ಬರೂ ಕೇಳಿದೆವು.

ಮುತ್ಯಾ ನೆಟ್ಟಗೆ ನಿಂತರು. "ಗೀಲಾ ಹೈ ಸಾಬ್. ಉಠಾಯಾ ತೋ ಸಬ್ ಖರಾಬ್ ಹೋಗಾ" ಎಂದು ಸೆಕ್ರೆಟರಿಗೆ ಹೇಳಿದರು. ಹಸಿ ಸಂಡಿಗೆ ಎತ್ತಿದರೆ ಕೆಡುತ್ತದೆ, ಅಷ್ಟೇ. ಸೆಕ್ರೆಟರಿ ನಾಳೆ ನೋಡಿಕೊಳ್ಳುತ್ತೇನೆ ಎಂದು ಬೆರಳು ತೋರಿಸಿ ಹೋದರು.

ಸತ್ಯ ಹೇಳಿ ಎಲ್ಲರನ್ನೂ ಇಳಿಸಬೇಕಿತ್ತು. ನಾವು ಮೂರು ಮೆಟ್ಟಿಲು ಖಾಲಿ ಇಟ್ಟು ಕೋಣೆ ಉಳಿಸಿಕೊಳ್ಳಲು ನೋಡಿದೆವು.

ಎರಡನೆಯ ಗೋಲಿಗೆ ಜನ ಎದ್ದು ಕುಣಿದರು. ನಾನು ಮೈದಾನ ನೋಡುತ್ತಿರಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದೆ. ಅದು ನಡುವೆ ಜೋಳಿಗೆಯಂತೆ ತಗ್ಗಾಯಿತು. ಆಮೇಲೆ ಸದ್ದು, ಆಮೇಲೆ ಧೂಳು. ಮಧ್ಯದ ಮೆಟ್ಟಿಲು ಮುರಿದು ನಮ್ಮ ಕೋಣೆಯೊಳಗೆ ಬಿದ್ದಿತ್ತು. ಇಳಿದು ಓಡುವಾಗ ಕೆಲವರ ಕಾಲು ಉಳುಕಿತು, ಆ ಹಮಾಲನ ಮಂಡಿ ಒಡೆಯಿತು. ಯಾರೂ ಸಾಯಲಿಲ್ಲ. ನಿಮ್ಮ ತಾಯಿ ದಿನಾ ಮಧ್ಯಾಹ್ನ ಮಲಗುತ್ತಿದ್ದ ಮಂಚ ಮಾತ್ರ ಚಪ್ಪಟೆಯಾಗಿತ್ತು.

ಎರಡು ದಿನ ಬಿಟ್ಟು ಇಂಜಿನಿಯರ್ ಬಂದರು. ಸೆಕ್ರೆಟರಿ ಹರಿದ ಸೀರೆಯನ್ನು ಎತ್ತಿ ತೋರಿಸಿ, ಈ ಹೆಂಗಸು ವರ್ಷಗಟ್ಟಲೆ ನೀರು ಸುರಿದಿದ್ದಾಳೆ, ಅದಕ್ಕೇ ಒಳಗಿನ ಕಬ್ಬಿಣ ತುಕ್ಕು ಹಿಡಿಯಿತು ಎಂದರು. ಇಂಜಿನಿಯರ್ ಬರೆದುಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಾದರೂ ಏನು? ಮೊದಲ ಕಾಳು ಸಿಕ್ಕಿಕೊಳ್ಳುವ ಮೊದಲೇ ಎರಡು ಬೇಸಿಗೆ ಅಲ್ಲಿ ನೀರು ಚಿಮುಕಿಸಿದ್ದೆ.

ಕೆಲಸ ಹೋಯಿತು, ಕೋಣೆ ಹೋಯಿತು. ಮಳೆಗಾಲಕ್ಕೆ ಮುಂಚೆ ಯಂತ್ರ ತಂದು ಗ್ಯಾಲರಿ ಕೆಡವಿದರು. ನಾನು ರಸ್ತೆಯಾಚೆ ನಿಂತು ನೋಡಿದೆ. ಪ್ರತಿ ಮೆಟ್ಟಿಲಿನೊಳಗಿಂದಲೂ ಕೆಂಪು ಕಬ್ಬಿಣ ಹೊರಗೆ ಬರುತ್ತಿತ್ತು. ನಾನು ಸಂಡಿಗೆ ಹಾಕದ ಆ ತುದಿಯಲ್ಲಿಯೂ ಬಂತೇ? ಬಂದ ಹಾಗೆ ನೆನಪು. ಆದರೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿದ್ದೇನೋ ಏನೋ.

ಆಮೇಲೆ ಇಲ್ಲಿಗೆ, ಈ ಕಾಮೋಠೆಗೆ ಬಂದೆವು. ಮುತ್ಯಾ ವಾಚ್‌ಮನ್ ಆದರು. ಅದು ನಿನ್ನಿಂದ ಆದದ್ದಲ್ಲ ಎಂದು ಅವರೊಮ್ಮೆ ಹೇಳಲಿ ಎಂದು ಕಾದೆ. ಅವರು ಸಂಡಿಗೆಯ ಮಾತನ್ನೇ ಎತ್ತದೆ ತೀರಿಹೋದರು. ಅಂಗಡಿಯ ಸಂಡಿಗೆ ಯಾಕೆ ತರುತ್ತೀ ಆಯಿ, ಮೇಲೆ ಟೆರೇಸ್ ಇದೆಯಲ್ಲ ಎಂದು ನೀವು ಕೇಳುತ್ತೀರಿ. ಈ ಟೆರೇಸಿನ ಮೇಲೆ ನಾನು ಒಂದು ಹನಿ ನೀರನ್ನೂ ಚೆಲ್ಲಿಲ್ಲ.

ಆದರೂ ಹೋದ ಯುಗಾದಿಗೆ, ನೀವು ಗೋಲ್ ಎಂದು ಚಪ್ಪಲಿ ಇಡುವ ಮೂಲೆಯಲ್ಲಿ, ಜೋಳದ ಕಾಳೊಂದು ಸಂದಿನಲ್ಲಿ ಸಿಕ್ಕಿಕೊಂಡಿತು. ಈ ಸಲ ಬಾಯಿ ಬಿಟ್ಟೆ. ನಮ್ಮ ಕಟ್ಟಡದ ಸೊಸಾಯಿಟಿಯ ಆಫೀಸಿಗೆ ಒಬ್ಬಳೇ ಹೋಗಿ, ಬಂದಷ್ಟು ಮರಾಠಿಯಲ್ಲಿ ಹೇಳಿದೆ. "ಹೋ ಆಜಿ, ಪಾವಸಾನಂತರ್ ಬಘೂ" ಎಂದರು. ಮಳೆ ಮುಗಿದ ಮೇಲೆ ನೋಡುತ್ತಾರಂತೆ. ನಿನ್ನೆ ಆ ಸಂದಿನೊಳಗೆ ಮೆಣಸಿನಕಾಯಿ ಹೋಯಿತು. ಇವತ್ತು ಕೆಳಗೆ ನನ್ನ ಅಡುಗೆಮನೆಯಲ್ಲಿ ಹಿಟ್ಟಿನ ಮೇಲೆ ಪುಡಿ ಉದುರಿತ್ತು.

ನಿಮಗೆ ಮರಾಠಿ ಬರೆಯಲು ಬರುತ್ತದೆ. ಭಾನುವಾರ ನನ್ನ ಹತ್ತಿರ ಕೂತುಕೊಳ್ಳಿ. ನಾನು ಹೇಳುತ್ತೇನೆ, ನೀವು ಅರ್ಜಿ ಬರೆಯಿರಿ. ಎಲ್ಲ ಮನೆಗಳ ಸಹಿ ನಾನೇ ಬಾಗಿಲು ಬಡಿದು ತರುತ್ತೇನೆ. ಅಲ್ಲಿಯವರೆಗೆ ಚೆಂಡು ನನ್ನ ಮಂಚದ ಕೆಳಗೆ ಇರುತ್ತದೆ, ಹುಡುಕಬೇಡಿ.