ಕಪ್ಪು ಅಂಗುಳದ ಮರಿ

ನಮ್ಮ ಕಡೆ ನಾಯಿಮರಿ ಆರಿಸುವವರು ಮೊದಲು ನೋಡುವುದು ಬಣ್ಣವನ್ನಲ್ಲ, ಬಾಯಿಯನ್ನು. ಮರಿಯನ್ನು ಅಂಗೈ ಮೇಲೆ ಮಲಗಿಸಿ, ಎರಡು ಬೆರಳಿಂದ ದವಡೆ ಅಗಲಿಸಿ, ಅಂಗುಳವನ್ನು ಬೆಳಕಿಗೆ ಹಿಡಿಯುತ್ತಾರೆ. ಅಂಗುಳ ಕಪ್ಪಗಿದ್ದರೆ ಮನೆ ಕಾಯುವ ನಾಯಿ, ಕೆಂಪಗಿದ್ದರೆ ಬರೀ ಅನ್ನ ತಿನ್ನುವ ನಾಯಿ. ಇದಕ್ಕೆ ಏನು ಆಧಾರ ಎಂದು ಎಷ್ಟೋ ಜನರನ್ನು ಕೇಳಿದ್ದೇನೆ, ಯಾರೂ ಹೇಳಿಲ್ಲ. ಹಾಗಿದ್ದೂ ಐದು ತಿಂಗಳ ಹಿಂದೆ ಕಲ್ಯ ಎಂಬ ಹಳ್ಳಿಯ ಒಂದು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಐದು ಮರಿಗಳ ಬಾಯಿ ತೆರೆದು ನೋಡಿದವರಲ್ಲಿ ನಾನೂ ಒಬ್ಬ. ನನ್ನ ಏಳು ವರ್ಷದ ಮಗಳ ಬೆರಳೂ ಒಂದು ಮರಿಯ ಬಾಯೊಳಗೆ ಹೋಯಿತು. ಅದು ಹೇಗೆ ಹೋಯಿತು ಎಂಬುದು ನನ್ನ ನೆನಪಿನಲ್ಲಿ ಒಂದು ಥರ ಇತ್ತು, ನಡೆದದ್ದು ಇನ್ನೊಂದು ಥರ.

ಮಾಗಡಿಯಲ್ಲಿ ನಮ್ಮ ಮನೆ ಬಡಾವಣೆಯ ಕಡೇ ಸಾಲಿನಲ್ಲಿದೆ. ಹಿಂದೆ ಬಂಡೆ, ಬಂಡೆ ಸುತ್ತ ಲಂಟಾನ ಪೊದೆ. ನಾನು ರಾಮನಗರದ ಕಾಲೇಜಿನಲ್ಲಿ ಪಾಠ ಮಾಡಿ ಮನೆ ಸೇರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಪಕ್ಕದ ಬೀದಿಯಲ್ಲಿ ಚಿರತೆಯ ಹೆಜ್ಜೆ ಕಂಡಿತೆಂದು ಯಾರೋ ಹೇಳಿದ ಮೇಲೆ ಹೆಂಡತಿ ನಾಯಿ ಬೇಕೇ ಬೇಕು ಎಂದಳು. ಮಗಳು ಅದನ್ನು ಒಂದು ವರ್ಷದಿಂದ ಹೇಳುತ್ತಲೇ ಇದ್ದಳು.

ಗುಡೇಮಾರನಹಳ್ಳಿಯಲ್ಲಿ ನನ್ನ ಸೋದರಮಾವ ಇದ್ದಾನೆ. ರೇಷ್ಮೆ ಹುಳ ಸಾಕುವವನು, ನಾಯಿ ಆರಿಸುವುದರಲ್ಲಿ ಊರಿಗೆಲ್ಲ ಪಂಡಿತ. ಫೋನ್ ಮಾಡಿ, ಪೇಟೆಯಲ್ಲಿ ಒಂದು ಒಳ್ಳೆ ಜಾತಿ ಮರಿ ನೋಡಿದ್ದೇನೆ ಅಂದೆ.

"ಪೇಟೆ ನಾಯಿ ಬ್ಯಾಡ ಕಣ್ಲಾ. ಸೋಪು ಹಾಕಿ ತೊಳ್ದು, ಬಿಸ್ಕತ್ತು ತಿನ್ಸಿ ಸಾಕ್ತೀಯ, ಕೊನೆಗೆ ಕಳ್ಳ ಬಂದ್ರೆ ನೀನೇ ಬೊಗಳ್ಬೇಕು. ಕಲ್ಯದಲ್ಲಿ ಒಂದು ನಾಯಿ ಮರಿ ಹಾಕೈತೆ, ಭಾನುವಾರ ಬಾ."

ಭಾನುವಾರ ಬೆಳಿಗ್ಗೆ ಮಾವ, ನಾನು, ಹೆಂಡತಿ, ಮಗಳು ಆ ಮನೆಗೆ ಹೋದೆವು. ಮನೆಯೊಡತಿ ಕೊಟ್ಟಿಗೆ ತೋರಿಸಿದಳು. ತಾಯಿನಾಯಿ ಮೂಲೆಯಲ್ಲಿ ಹುಲ್ಲಿನ ಮೇಲೆ ಬಿದ್ದುಕೊಂಡಿತ್ತು. ಮರಿಗಳನ್ನು ಮುಟ್ಟಿದರೂ ತಲೆ ಎತ್ತಲಿಲ್ಲ.

"ಎರಡು ದಿನದಿಂದ ಹಿಂಗೇ ಬಿದ್ದವ್ಳೆ. ಬಾಣಂತಿ ಅಲ್ವಾ, ಸುಸ್ತು," ಎಂದಳು ಮನೆಯೊಡತಿ.

"ಸಾಧು ತಾಯಿ ಕಣವ್ವಾ. ಬೇರೆ ನಾಯಿ ಆಗಿದ್ರೆ ಇಷ್ಟೊತ್ಗೆ ನನ್ ಪಂಚೆ ಹರ್ದಾಕಿರೋದು," ಎಂದ ಮಾವ.

ಆ ನಾಯಿಯ ಕೆಳದವಡೆ ಜೋತುಬಿದ್ದಿದ್ದು, ಬಾಯಿಂದ ಜೊಲ್ಲು ಹುಲ್ಲಿನ ಮೇಲೆ ಇಳಿಯುತ್ತಿದ್ದದ್ದು ಈಗ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಂದು ಅದನ್ನು ನಿಜವಾಗಿ ನೋಡಿದ್ದೆನೇ, ಅಥವಾ ಆಮೇಲೆ ಓದಿದ್ದೆಲ್ಲ ಸೇರಿ ಆ ಚಿತ್ರ ಮಾಡಿಕೊಂಡೆನೇ ಗೊತ್ತಿಲ್ಲ. ನೋಡಿಯೂ ಸುಮ್ಮನಿದ್ದೆ ಎನ್ನುವುದಕ್ಕಿಂತ ನೋಡಲೇ ಇಲ್ಲ ಎನ್ನುವುದು ನನಗೆ ಅನುಕೂಲ. ಹಾಗಾಗಿ ಅದನ್ನೂ ನಂಬಲಾರೆ.

ಮಾವ ಒಂದೊಂದೇ ಮರಿಯನ್ನು ಎತ್ತಿ ಉಗುರು ಎಣಿಸಿದ. ಇಪ್ಪತ್ತು ಇರಬೇಕಂತೆ. ಕತ್ತಿನ ಚರ್ಮ ಹಿಡಿದು ಎತ್ತಿ, ಕುಂಯ್ ಅಂದ ಎರಡನ್ನು ಪಕ್ಕಕ್ಕಿಟ್ಟ. ಕೊನೆಗೆ ಬಾಯಿ. ನನಗೂ ಕಲಿಸಿದ. ಕಂದು ಬಣ್ಣದ, ಮೂತಿ ಮಾತ್ರ ಕಪ್ಪಗಿದ್ದ ಗಂಡುಮರಿಯ ಅಂಗುಳ ಮಸಿ ಬಳಿದ ಹಾಗಿತ್ತು.

"ತಾತ, ನನ್ ಬಾಯಿನೂ ಕಪ್ಪಿದ್ಯಾ?" ಮಗಳು ಬಾಯಿ ಅಗಲಿಸಿ ತೋರಿಸಿದಳು.

"ನಿಂದಾ? ಕೆಂಪು. ಬರೀ ತಿನ್ನೋ ಗಿರಾಕಿ ನೀನು. ನಿನ್ನ ಆರಿಸ್ಕಳಾಕಿಲ್ಲ ಯಾರೂವೆ."

ಎಲ್ಲರೂ ನಕ್ಕೆವು. ಆ ನಗುವಿನ ನಡುವೆ ಅವಳ ಬೆರಳು ಒಂದು ಮರಿಯ ಬಾಯಿಗೆ ಹೋಯಿತು, ಅವಳು 'ಹಾ' ಎಂದು ಕೈ ಎಳೆದುಕೊಂಡಳು. ಇಷ್ಟೇ. ಕಪ್ಪು ಮೂತಿಯ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಸೀರೆ ಹಾಸಿ ಮನೆಗೆ ತಂದೆವು.

ಗುರುವಾರ ಒಂದು ತರಗತಿ ಮುಗಿಸಿ ಹೊರಗೆ ಬರುತ್ತಿದ್ದಾಗ ಮಾವನ ಫೋನ್ ಬಂತು. ಯಾವತ್ತೂ ಬೈಗುಳದಿಂದ ಶುರು ಮಾಡುವವನು ಅಂದು ಬೈಯಲಿಲ್ಲ.

"ಆ ತಾಯಿನಾಯಿ ಸತ್ತೋಯ್ತಂತೆ. ಸಾಯೋಕ್ ಮುಂಚೆ ಎದ್ದು ಹಸಿನ ಕರುಗೆ ಕಚ್ಬುಟ್ಟೈತೆ. ದನದ ಡಾಕ್ಟ್ರು ಬಂದು ನೋಡಿ ಹುಚ್ಚು ಅಂದ್ರಂತೆ. ಲೇ, ಅವತ್ತು ನಿನ್ ಕೈಲಿ ಗಾಯ ಗೀಯ ಏನಾದ್ರೂ ಇತ್ತೇನ್ಲಾ?"

ನಾನು ನನ್ನ ಕೈ ನೋಡಿಕೊಂಡೆ. ನೋಡುತ್ತಿದ್ದಂತೆ ಮಗಳ ಕೈ ನೆನಪಾಯಿತು. ಕಾರಿಡಾರಿನ ಕಟ್ಟೆ ಮೇಲೆ ಕೂತೆ. ಆ ಐದೂ ಮರಿಗಳು ಅದರ ಹಾಲು ಕುಡಿದಿದ್ದವು, ಅದು ಅವುಗಳ ಮೂತಿ ನೆಕ್ಕಿತ್ತು. ಈ ರೋಗದ ಬಗ್ಗೆ ನನಗೆ ಗೊತ್ತಿದ್ದದ್ದು ಸ್ವಲ್ಪ, ಆದರೆ ಮುಖ್ಯವಾದದ್ದು ಗೊತ್ತಿತ್ತು. ನೀರು ಗಂಟಲಲ್ಲಿ ಇಳಿಯದಂಥ ಲಕ್ಷಣ ಕಾಣಿಸಿಕೊಂಡ ಮೇಲೆ ಯಾರೂ ಉಳಿಯುವುದಿಲ್ಲ. ಅದಕ್ಕೆ ಮೊದಲು ಇಂಜೆಕ್ಷನ್ ಹಾಕಿಸಬೇಕು. ನಾಲ್ಕು ದಿನ ಆಗಲೇ ಕಳೆದುಹೋಗಿದ್ದವು.

ಹೆಂಡತಿಗೆ ಫೋನ್ ಮಾಡಿದೆ. ಮರಿಯನ್ನು ಕೋಣೆಯಲ್ಲಿ ಕೂಡಿಹಾಕಿ, ಮಗಳನ್ನು ಶಾಲೆಯಿಂದ ಕರೆದುಕೊಂಡು ರಾಮನಗರದ ಬಸ್ಸು ಹತ್ತು ಅಂದೆ. ಆಸ್ಪತ್ರೆ ಗೇಟಿನ ಬಳಿ ಅವರಿಗಾಗಿ ಕಾಯುತ್ತ ನಿಂತೆ. ಡಾಕ್ಟರಿಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಲಗೈ ತೋರುಬೆರಳು. ಅವಳಾಗಿ ಅವಳೇ ಇಟ್ಟಳು. ನಾನು ಬೇಡ ಅಂದೆ, ಅಷ್ಟರಲ್ಲಿ ಆಗಿಹೋಯಿತು. ಮೂರು ಸಲ ಹೇಳಿಕೊಂಡೆ, ಮೂರು ಸಲವೂ ಒಂದೇ ಥರ ಬಂತು. ಹಾಗಾಗಿ ನಿಜವೆಂದುಕೊಂಡೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೂರ್ತಿ ಕೇಳಿಸಿಕೊಂಡು, "ಗಾಯ ಆಗಿತ್ತಾ ಪುಟ್ಟಾ?" ಎಂದರು.

"ಇಲ್ಲ," ಎಂದಳು ಮಗಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

"ಎಡಗೈ ಬೆರಳಲ್ಲಿ ಏನೋ ಗೀರಿತ್ತು ಮೇಡಂ. ಪೆನ್ಸಿಲ್ ಮೆಂಡರ್ ತಾಗಿರಬೇಕು ಅಂತ ಸುಮ್ಮನಾದೆ," ಎಂದಳು ಹೆಂಡತಿ.

"ಎಡಗೈ ಅಲ್ಲ, ಬಲಗೈ. ತೋರುಬೆರಳು. ನಾನು ಪಕ್ಕದಲ್ಲೇ ಇದ್ದೆ," ಎಂದೆ ನಾನು.

ಡಾಕ್ಟರು ಮಗಳ ಎರಡೂ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬಲಗೈ ತೋರುಬೆರಳ ಮೇಲೆ ಕೂದಲೆಳೆಯಷ್ಟು ಗೀರು ಇತ್ತು. ಎಡಗೈ ನಡುಬೆರಳ ಮೇಲೂ ಇತ್ತು. ಏಳು ವರ್ಷದ ಮಕ್ಕಳ ಕೈಯಲ್ಲಿ ಗೀರುಗಳಿಗೆ ಬರವಿಲ್ಲ.

"ಅನುಮಾನ ಇದ್ದರೂ ಇಂಜೆಕ್ಷನ್ ಹಾಕೇ ಹಾಕ್ತೀವಿ, ಅದು ತೋಳಿಗೆ," ಎಂದರು. "ಅದರ ಜೊತೆ ಸೀರಮ್ ಅಂತ ಒಂದಿದೆ. ಅದನ್ನ ಗಾಯ ಆದ ಜಾಗಕ್ಕೇ ಕೊಡಬೇಕು. ಪುಟ್ಟ ಬೆರಳು, ನೋವಾಗುತ್ತೆ. ಸರಿಯಾಗಿ ನೆನಪು ಮಾಡಿಕೊಂಡು ಹೇಳಿ, ಯಾವ ಬೆರಳು?"

ನಾನು ಮತ್ತೆ ಬಲಗೈ ಅಂದೆ. ದನಿ ಏರಿತ್ತು.

"ರೀ, ಒಂದು ನಿಮಿಷ. ಅಕ್ಕನಿಗೆ ಕಳಿಸೋಕೆ ಅಂತ ವಿಡಿಯೋ ಮಾಡಿದ್ದೆ," ಎಂದಳು ಹೆಂಡತಿ.

ನಾಲ್ಕು ತಲೆಗಳು ಆ ಫೋನಿನ ಮೇಲೆ ಬಗ್ಗಿದವು. ಮಾವನ ಪಂಚೆ, ಕೊಟ್ಟಿಗೆಯ ನೆಲ, ಮರಿಗಳು. ಮಗಳ ಬಲಗೈಯಲ್ಲಿ ಅರ್ಧ ತಿಂದ ಬನ್ನು. ಅವಳು ಮುಂದೆ ಬರುತ್ತಿಲ್ಲ, ಹಿಂದಕ್ಕೆ ಜಗ್ಗುತ್ತಿದ್ದಾಳೆ. ಅವಳ ಎಡಗೈಯ ಮಣಿಕಟ್ಟನ್ನು ದೊಡ್ಡ ಕೈಯೊಂದು ಹಿಡಿದಿದೆ. ಆ ಕೈಯಲ್ಲಿ ನನ್ನ ವಾಚು. "ಇಡು, ಹೆದರಬೇಡ, ಏನೂ ಆಗಲ್ಲ. ಹಲ್ಲೆಲ್ಲಿದೆ ಇದಕ್ಕೆ?" ಎನ್ನುವ ದನಿ. ಪಾಠ ಮಾಡುವ ದನಿ, ನನ್ನದೇ. ಬೆರಳು ಮರಿಯ ಬಾಯೊಳಗೆ ಹೋಗುತ್ತದೆ. ಮಗಳು 'ಹಾ' ಎಂದು ಕೈ ಕಿತ್ತುಕೊಂಡು, ಮುಖ ಸೊಟ್ಟ ಮಾಡಿ, ಆ ಬೆರಳನ್ನು ತನ್ನ ಬಾಯಿಗಿಟ್ಟು ಚೀಪುತ್ತಾಳೆ. ದೊಡ್ಡವರು ಮೂರೂ ಜನ ನಗುತ್ತಿರುವುದು ಕೇಳಿಸುತ್ತದೆ. ವಿಡಿಯೋ ನಿಂತಿತು.

"ಎಡಗೈ, ನಡುಬೆರಳು," ಎಂದು ಡಾಕ್ಟರು ಬರೆದುಕೊಂಡರು. ಹೆಂಡತಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಸೀರಮ್ ಕೊಡುವಾಗ ಬೆರಳು ಅಲ್ಲಾಡದಂತೆ ಹಿಡಿದುಕೊಳ್ಳಲು ನರ್ಸು ನನಗೆ ಹೇಳಿದರು. ಅದೇ ಮಣಿಕಟ್ಟು ಹಿಡಿದೆ. "ಅಪ್ಪಾ ಬಿಡು, ಅಪ್ಪಾ ಬೇಡ" ಎಂದು ಅವಳು ಕಿರುಚಿದ್ದು ಹೊರಗಿನ ಸಾಲಿಗೆಲ್ಲ ಕೇಳಿಸಿರಬೇಕು. ಆ ವಿಡಿಯೋ ಇಲ್ಲದಿದ್ದರೆ ಅವರು ನನ್ನ ಮಾತು ನಂಬುತ್ತಿದ್ದರು. ಓದಿದವನು, ಪಕ್ಕದಲ್ಲೇ ಇದ್ದವನು, ಗಟ್ಟಿಯಾಗಿ ಹೇಳುವವನು. ಸೂಜಿ ಬಲಗೈಗೆ ಹೋಗುತ್ತಿತ್ತು.

ನಾವು ದೊಡ್ಡವರೂ ಇಂಜೆಕ್ಷನ್ ಹಾಕಿಸಿಕೊಂಡೆವು. ಕಲ್ಯದ ಆ ಮನೆಯವರನ್ನೂ ಮಾವ ಕರೆದುಕೊಂಡು ಹೋದ. "ಹೊಕ್ಕುಳ ಸುತ್ತ ಹದಿನಾಲ್ಕು ಅಂದ್ಕಂಡು ಹೆದ್ರಿ ಸಾಯ್ತಿದ್ದೆ. ತೋಳಿಗೆ ಚುಚ್ಚಿ ಎದ್ದೋಗು ಅಂದ್ಬುಟ್ರು," ಎಂದ. ಉಳಿದ ನಾಲ್ಕು ಮರಿಗಳಲ್ಲಿ ಎರಡು ಆ ತಿಂಗಳೇ ಸತ್ತವು. ನಮ್ಮ ಮರಿಗೆ ದನದ ಡಾಕ್ಟರು ಇಂಜೆಕ್ಷನ್ ಕೊಟ್ಟು, ಆರು ತಿಂಗಳು ಯಾರೂ ಮುಟ್ಟದಂತೆ ಬೇರೆ ಇಡಿ, ಅನ್ನ ನೀರು ಬಿಟ್ಟರೆ ಕೂಡಲೇ ಹೇಳಿ ಎಂದರು. ಮಾವ ಅದನ್ನು ತನ್ನ ಹಳೇ ರೇಷ್ಮೆ ಹುಳದ ಮನೆಯಲ್ಲಿ, ಜಾಲರಿ ಬಾಗಿಲ ಹಿಂದೆ ಇಟ್ಟಿದ್ದಾನೆ.

ಮಗಳಿಗೆ ನಾಲ್ಕೂ ಇಂಜೆಕ್ಷನ್ ಮುಗಿದ ದಿನ, ಇನ್ನು ಎಷ್ಟು ದಿನ ಕಾಯಬೇಕು ಎಂದು ಡಾಕ್ಟರನ್ನು ಕೇಳಿದೆ.

"ಕಾಯೋದೇನಿಲ್ಲ ಸರ್. ಸರಿಯಾಗಿ ಹಾಕಿಸಿದ್ದೀರಿ, ಆಯ್ತು. ಮನೆಗೆ ಹೋಗಿ ಆರಾಮಾಗಿರಿ."

ಅವರ ಮಾತನ್ನು ನಂಬಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೂ ಮೊದಲ ಇಂಜೆಕ್ಷನ್ನಿಗೆ ಮುಂಚೆ ಕಳೆದ ಆ ನಾಲ್ಕು ದಿನ ನಡುವೆ ಬಂದು ನಿಲ್ಲುತ್ತವೆ.

ದಿನಾ ಬೆಳಿಗ್ಗೆ ಏಳಕ್ಕೆ ಮಾವನಿಗೆ ಫೋನ್ ಮಾಡುತ್ತೇನೆ. "ನೀರು ಕುಡೀತಾ?"

"ಕುಡೀತು ಕಣ್ಲಾ. ನೀರಿನ ಬೋಸಿ ಉರುಳಿಸ್ಕಂಡು ಆಟ ಆಡ್ತೈತೆ. ನೀನು ಮೊದ್ಲು ಒಸಿ ಕಾಫಿ ಕುಡಿ ಹೋಗು."

ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಏನೋ ಹುಡುಕುವವನಂತೆ ನಿಲ್ಲುತ್ತೇನೆ. ಶಾಲೆಗೆ ಹೊರಡುವ ಮೊದಲು ಮಗಳು ಅಲ್ಲಿ ಒಂದು ಲೋಟ ನೀರು ಕುಡಿಯುತ್ತಾಳೆ. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತೇನೆ.

ನಿನ್ನೆ ಅರ್ಧ ಲೋಟಕ್ಕೆ ನಿಲ್ಲಿಸಿದಳು. ನಾನು ಒಂದು ಹೆಜ್ಜೆ ಮುಂದೆ ಬಂದೆ. ಅವಳು ಬಾಯಿ ಒರೆಸಿಕೊಂಡು ನನ್ನನ್ನೇ ನೋಡಿದಳು.

"ನುಂಗ್ದೆ ಅಪ್ಪಾ. ಇಷ್ಟು ಸಾಕಾ, ಪೂರ್ತಿ ಕುಡೀಬೇಕಾ?"

"ಪೂರ್ತಿ ಕುಡಿ," ಎಂದೆ.

ನನ್ನ ಮೇಲಿಂದ ಕಣ್ಣು ತೆಗೆಯದೆ ಅವಳು ಕುಡಿದಳು.