ಎಲ್ಲರ ಬಾಯಿ ಕಾಣುವ ಮನೆ

ನನ್ನ ಅತ್ತಿಗೆಗೆ ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಅಷ್ಟರಲ್ಲಿ ಮಾತು ಕಲಿತಾಗಿತ್ತು, ಅದು ಉಳಿಯಿತು. ತಮ್ಮ ದನಿ ತಮಗೇ ಕೇಳದ್ದರಿಂದ, ಪಕ್ಕದಲ್ಲಿ ಕೂತವರ ಹತ್ತಿರವೂ ಮೂರನೇ ಮಹಡಿಯವರನ್ನು ಕೂಗಿದ ಹಾಗೆ ಮಾತಾಡುತ್ತಿದ್ದರು. ಎದುರಿನವರ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಿದ್ದರು. ಅಣ್ಣನ ಮದುವೆಯಾದ ಹೊಸತರಲ್ಲಿ ನಾನು ಅಂಗಳದಲ್ಲಿ ಗೆಳತಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದೆ. ಕಿಟಕಿಯೊಳಗಿಂದ ಉತ್ತರ ಬಂತು: "ನಾನೇನು ಅಷ್ಟೊಂದು ದಪ್ಪ ಇಲ್ಲ ಕಣೇ!" ಅವತ್ತಿನಿಂದ ನಾವಿಬ್ಬರೂ ಸ್ನೇಹಿತೆಯರಾದೆವು.

ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಖ್ಯಸ್ಥೆ. ಮೆಷಿನುಗಳ ಗದ್ದಲದಲ್ಲಿ ಅಲ್ಲಿ ಉಳಿದವರೆಲ್ಲ ಕಿವುಡರೇ. ಮೇಸ್ತ್ರಿ ಆ ತುದಿಯಲ್ಲಿ ನಿಂತು ತುಟಿ ಅಲ್ಲಾಡಿಸಿದರೆ ಸಾಕು, ಅತ್ತಿಗೆ ಈ ತುದಿಯಲ್ಲಿ ಅಳತೆ ಬದಲಾಯಿಸಿ ಆಗಿರುತ್ತಿತ್ತು.

ಮನೆಯಲ್ಲಿ ಮಾತ್ರ ತೊಂದರೆ. ನಾವೆಲ್ಲ ಇದ್ದದ್ದು ಎರಡು ಕೋಣೆಯ ಮನೆ. ಅಡುಗೆಮನೆ ಬೆಂಕಿಪೊಟ್ಟಣದಷ್ಟು, ಒಲೆ ಗೋಡೆಯ ಕಡೆಗೆ. ಹಿಂದೆ ಯಾರು ಬಂದರೆಂದು ತಿಳಿಯಲು ಒಲೆಯ ಮೇಲೊಂದು ಕನ್ನಡಿ ಹಾಕಿಕೊಂಡಿದ್ದರು. ಹೊರಗಿನ ನಗು, ಜಗಳ ಯಾವುದೂ ಅವರಿಗೆ ಸಿಗುತ್ತಿರಲಿಲ್ಲ. ತುಟಿಯ ಮೇಲೆ 'ಅಪ್ಪ', 'ಅಮ್ಮ' ಎರಡೂ ಒಂದೇ ಥರ ಕಾಣುತ್ತವಂತೆ. ಹಾಗಾಗಿ ಮಕ್ಕಳು ಅಪ್ಪನನ್ನು ಕರೆದರೂ ಓಡಿ ಬರುತ್ತಿದ್ದವರು ಅತ್ತಿಗೆಯೇ.

ಅಣ್ಣ ಶೀತಲಗೃಹಗಳ ಯಂತ್ರ ರಿಪೇರಿ ಮಾಡುವವನು. ಅವನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಮೊದಲು ಒಬ್ಬನೇ ಹೋದ. ಮನೆಯವರನ್ನು ಕರೆಸಿಕೊಳ್ಳುವ ಹೊತ್ತಿಗೆ ಮನೆ ಹುಡುಕತೊಡಗಿದ. ಬಾಡಿಗೆ ಮನೆ ಸಾಕೆಂದು ಅವನ ಲೆಕ್ಕ. ಅತ್ತಿಗೆ ಒಪ್ಪಲಿಲ್ಲ. "ಬಾಡಿಗೆ ಮನೆ ಅಂದ್ರೆ ಅವರು ಕಟ್ಟಿದ ಹಾಗೆ ನಾನಿರ್ಬೇಕು. ಈ ಸಲ ನಾನು ಹೇಳೋ ಥರದ್ದು ಕೊಂಡ್ಕೊಳ್ಳಿ" ಎಂದರು.

ಮನೆ ತೋರಿಸುವ ದಲ್ಲಾಳಿ ಹೆಂಗಸಿನ ಜೊತೆ ಒಂದೊಂದೇ ಮನೆಗೆ ಹೋಗಿ, ಅಲ್ಲಿಂದ ಅಣ್ಣ ನಮಗೆ ವಿಡಿಯೋ ಕರೆ ಮಾಡುತ್ತಿದ್ದ. ಆಕೆ ಎರಡು ಪದರದ ಗಾಜು, ಬೆಚ್ಚಗಾಗುವ ನೆಲ ಎಂದೆಲ್ಲ ವರ್ಣಿಸುತ್ತಿದ್ದಳು. ಅತ್ತಿಗೆಗೆ ಅದ್ಯಾವುದೂ ಬೇಡ.

"ರೀ, ಫೋನು ಸಿಂಕಿನ ಹತ್ರ ಇಡಿ. ನೀವು ಸೋಫಾ ಬರೋ ಜಾಗಕ್ಕೆ ಹೋಗಿ ಏನಾದ್ರೂ ಹೇಳಿ. ಕೂಗ್ಬೇಡಿ, ಬರೀ ಹೇಳಿ."

ಅಣ್ಣ ಹೋಗಿ ನಿಂತು ಏನೋ ಅಂದ. ಅತ್ತಿಗೆ ಫೋನಿಗೆ ಮೂಗು ತಾಗಿಸಿ ನೋಡಿದರು. "'ಇವಳಿಗೆ ಹುಚ್ಚು ಹಿಡಿದಿದೆ' ಅಂದ್ರಿ. ಈಗ ಮೆಟ್ಟಿಲ ಮೇಲೆ ನಿಲ್ಲಿ."

ಹೀಗೆ ಮೂರು ಮನೆ ಬೇಡವಾದವು. ನಾಲ್ಕನೆಯದರಲ್ಲಿ ಕೆಳಗೆ ಗೋಡೆಯೇ ಇರಲಿಲ್ಲ. ಅಡುಗೆ, ಊಟ, ಸೋಫಾ, ಮೆಟ್ಟಿಲು ಎಲ್ಲ ಒಂದೇ ಹಜಾರದಲ್ಲಿ. ಒಲೆಯ ಮುಂದೆ ನಿಂತರೆ ಇಡೀ ಸಂಸಾರ ಕಣ್ಣೆದುರು. ಅದನ್ನೇ ಕೊಂಡರು. ಹೊರಡುವ ದಿನ ಅತ್ತಿಗೆ ಒಲೆಯ ಮೇಲಿನ ಕನ್ನಡಿ ಕಿತ್ತು ನನ್ನ ಕೈಗೆ ಕೊಟ್ಟರು. "ಇನ್ಮೇಲೆ ನಮ್ಮನೇಲಿ ಒಂದು ಮಾತೂ ನನ್ನ ತಪ್ಪಿಸ್ಕೊಂಡು ಹೋಗಲ್ಲ ನೋಡ್ತಿರು." ಆಗ ಮಗಳಿಗೆ ಹನ್ನೊಂದು, ಮಗನಿಗೆ ಐದು.

ನಾಲ್ಕು ವರ್ಷದ ಮೇಲೆ ಎರಡು ತಿಂಗಳ ಮಟ್ಟಿಗೆ ನಾನಲ್ಲಿಗೆ ಹೋದೆ. ಮನೆ ಚಿತ್ರದಲ್ಲಿ ಕಂಡದ್ದಕ್ಕಿಂತ ಚೆಂದವಿತ್ತು. ಅತ್ತಿಗೆ ಒಂದು ಲಾಂಡ್ರಿಯಲ್ಲಿ ಬಟ್ಟೆ ಬಿಗಿ-ಸಡಿಲ ಮಾಡಿಕೊಡುವ ಕೆಲಸಕ್ಕೆ ಸೇರಿದ್ದರು. ಗಿರಾಕಿ ಗುಂಡುಪಿನ್ನು ಚುಚ್ಚಿ ತೋರಿಸಿದರೆ ಮುಗಿಯಿತು, ಮಾತೇ ಬೇಕಿರಲಿಲ್ಲ. ಮಾತು ಬೇಕಾಗಿದ್ದದ್ದು ಮನೆಯಲ್ಲಿ.

ಮೊದಲ ದಿನ ಊಟಕ್ಕೆ ಕೂತಾಗಲೇ ನನಗೆ ಗೊತ್ತಾಯಿತು. ಮಕ್ಕಳಿಬ್ಬರೂ ಆ ದೇಶದ ಭಾಷೆಯಲ್ಲೇ ಮಾತಾಡುತ್ತಿದ್ದರು, ಅಣ್ಣನೂ ಅದರಲ್ಲೇ ಉತ್ತರ ಕೊಡುತ್ತಿದ್ದ. ನಾನು ಹೋಟೆಲಿನ ಸ್ವಾಗತದ ಮೇಜಿನಲ್ಲಿ ದುಡಿದವಳು, ನನಗೂ ಅರ್ಥವಾಗುತ್ತಿತ್ತು. ಅತ್ತಿಗೆ ಮಾತ್ರ ತಟ್ಟೆ ಬಿಟ್ಟು ಮೂರು ಬಾಯಿಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮಗ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕರು, ಸ್ವಲ್ಪ ತಡವಾಗಿ.

"ಏನಂದ ಅವನು?" ಎಂದು ಮಗಳ ತೋಳು ಹಿಡಿದರು.

"ಏನಿಲ್ಲಮ್ಮ. ಆಮೇಲೆ ಹೇಳ್ತೀನಿ."

ಅತ್ತಿಗೆಯೇನು ಸುಮ್ಮನೆ ಕೂತಿರಲಿಲ್ಲ. ಆ ಭಾಷೆಯ ತುಟಿ ಓದುವುದನ್ನು ಕಲಿಸುವ ಒಂದು ತರಗತಿಗೂ ಸೇರಿದ್ದರಂತೆ. ತುಟಿ ಓದಬೇಕಾದರೆ ಮೊದಲು ಭಾಷೆ ಬರಬೇಕೆಂದು ಅಲ್ಲಿಯವಳು ಫೋನಿನಲ್ಲಿ ನಮ್ಮ ಭಾಷೆಗೆ ತಿರುಗಿಸಿ ತೋರಿಸಿದಳಂತೆ. ಭಾಷೆ ಕಲಿಸುವ ತರಗತಿಯವರು, ಕಿವಿಯಿಲ್ಲದೆ ಕಲಿಸೋದು ಹೇಗೆ ಎಂದರಂತೆ. "ಅವರ ಹತ್ರ ಕಳಿಸ್ತಾರೆ ಇವರು, ಇವರ ಹತ್ರ ಕಳಿಸ್ತಾರೆ ಅವರು. ಮಕ್ಕಳು ಮನೇಲಿ ನಮ್ಮ ಭಾಷೆ ಮಾತಾಡ್ಲಿ ಅಂದ್ರೆ, ಸ್ಕೂಲಲ್ಲಿ ಹಿಂದೆ ಬೀಳ್ತಾರೆ ಅಂತಾರೆ ನಿಮ್ಮಣ್ಣ."

ಒಂದು ಭಾನುವಾರ ಮಧ್ಯಾಹ್ನ ಮಗಳು ಶಾಲೆಯ ನಾಟಕದ ಚೀಟಿ ಮುಂದಿಟ್ಟು ಅದರ ವಿಷಯ ತೆಗೆದಳು. ಅವಳಿಗೆ ದೊಡ್ಡ ಪಾತ್ರವಿತ್ತು. ಅತ್ತಿಗೆ ಅವಳ ಎದುರಿಗೇ ಕೂತು ಬಟಾಣಿ ಬಿಡಿಸುತ್ತಿದ್ದರು. ಮಗಳು ಅದೇ ಭಾಷೆಯಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡೇ, ಅಪ್ಪನಿಗೆ ಹೇಳಿದಳು: "ಅಮ್ಮನನ್ನು ಕರೆದುಕೊಂಡು ಬರಬೇಡಿ. ನಡುವೆ ಜೋರಾಗಿ ಮಾತಾಡ್ತಾಳೆ, ಎಲ್ಲರೂ ತಿರುಗಿ ನೋಡ್ತಾರೆ."

ಅಣ್ಣ ತಲೆಯೆತ್ತಲಿಲ್ಲ. "ಸರಿ, ನೋಡೋಣ" ಎಂದ.

ಅತ್ತಿಗೆ ನನ್ನ ಕಡೆ ತಿರುಗಿದರು. "ಏನಂದ್ಲು?"

ನನ್ನ ಬಾಯಿಂದ ಬಂದದ್ದು, "ಏನಿಲ್ಲ ಅತ್ತಿಗೆ."

ಮರುದಿನ ಅವರ ಜೊತೆ ಲಾಂಡ್ರಿಗೆ ಹೋಗಿದ್ದೆ. ಅವರು ಒಂದು ಪ್ಯಾಂಟಿನ ಅಂಚು ಬಿಚ್ಚುತ್ತಾ ಕೂತಿದ್ದರು. "ನಿನ್ನೆ ಅವಳ ತುಟೀಲಿ ಅಪ್ಪನೋ ಅಮ್ಮನೋ ಒಂದು ಕಂಡಿತು. ಅಪ್ಪ ಅಂದಿದ್ರೆ ಅವರನ್ನ ನೋಡ್ತಿದ್ಲು. ನನ್ನ ಕಡೆ ಕಣ್ಣು ಹಾಯಿಸಿದ್ಲು, ಆಮೇಲೆ ಕಿವಿ ಮುಟ್ಕೊಂಡ್ಲು. ನಾಟಕಕ್ಕೆ ನನ್ನ ಕರ್ಕೊಂಡು ಬರಬೇಡಿ ಅಂದ್ಲು, ಅಲ್ವಾ?" ನಾನು ಇಸ್ತ್ರಿಯಾದ ಬಟ್ಟೆ ಮಡಿಸತೊಡಗಿದೆ. "ಅವಳು ಹುಡುಗಿ, ನಾಚಿಕೆ ಆಗುತ್ತೆ. ನೀನು ಯಾಕೆ ಕಣೇ 'ಏನಿಲ್ಲ' ಅಂದೆ?"



ಆ ವಾರವೇ ಅವರು ಇಬ್ಬರು ಕೆಲಸಗಾರರನ್ನು ಕರೆಸಿದರು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು: ಹಜಾರದ ಬೀದಿ ಕಡೆಯ ಮೂಲೆಗೆ ಅಡ್ಡಗೋಡೆ, ಅದಕ್ಕೊಂದು ಬಾಗಿಲು. ಅಣ್ಣ ಹೌಹಾರಿದ. "ಈ ಮನೆ ಅಂದವೇ ಬಯಲಲ್ಲಿ ಇರೋದು. ಗೋಡೆ ಎದ್ರೆ ನಾಳೆ ಯಾರೂ ಕೊಳ್ಳಲ್ಲ!"

"ಮಾರೋವಾಗ ಒಡೆಸ್ಕೊಳ್ಳಿ" ಎಂದರು ಅತ್ತಿಗೆ. "ಕಾಣದೇ ಇದ್ರೆ, ಏನಂದ್ರು ಅಂತ ಕೇಳ್ಬೇಕು ಅನ್ಸಲ್ಲ."

ಹತ್ತು ದಿನದಲ್ಲಿ ಗೋಡೆ ಎದ್ದಿತು. ಹೊಲಿಗೆ ಮೆಷಿನು, ಕತ್ತರಿಸುವ ಮೇಜು ಒಳಗೆ ಹೋದವು. ಯಾಕಮ್ಮ ಎಂದು ಕೇಳಿದ ಮಗಳಿಗೆ, "ಬಟ್ಟೆ ಧೂಳು ಹಾರುತ್ತೆ" ಎಂದರು.

ನಾಟಕದ ದಿನ ಮಗಳೇ ಬಂದು ಕರೆದಳು. ಅಣ್ಣ ಗದರಿಸಿ ಕಳಿಸಿದ್ದ ಅಂತ ಕಾಣುತ್ತದೆ. ಬಾಯಿ ತುಂಬ ಅಗಲಿಸಿ, ನಮ್ಮ ಮಾತಿನಲ್ಲೇ, "ನೀನೂ ಬಾರಮ್ಮ" ಎಂದಳು.

"ನಾಳೆಗೆ ನಾಲ್ಕು ಕೋಟು ಕೊಡ್ಬೇಕು. ನೀವು ಹೋಗಿ ಬನ್ನಿ."

ಹುಡುಗಿಯ ಭುಜ ಸಡಿಲವಾದದ್ದನ್ನು ನಾನು ಕಂಡೆ. ಅತ್ತಿಗೆಯೂ ಕಂಡರು. ನೂಲಿನ ಉಂಡೆ ಬಿದ್ದಿತೆಂಬಂತೆ ಕೆಳಗೆ ಬಗ್ಗಿದರು.

ಅವಳು ಚೆನ್ನಾಗಿಯೇ ನಟಿಸಿದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮನೆಗೆ ಬಂದ ಕೂಡಲೇ ಮಗ ನೇರವಾಗಿ ಹೊಲಿಗೆ ಕೋಣೆಗೆ ಓಡಿದ. ಅತ್ತಿಗೆ ಮೆಷಿನು ನಿಲ್ಲಿಸಿದರು. "ಅಕ್ಕ ಹೇಗೆ ಮಾಡಿದ್ಲೋ? ಕಥೆ ಏನು?"

ಹುಡುಗ ಬಾಯಿ ತೆರೆದ. ನಮ್ಮ ಮಾತು ಹುಡುಕಿದ. "ಒಬ್ಬ... ರಾಜ... ಅವನು..." ಎಂದ. ಮುಂದಕ್ಕೆ ಸಿಗಲಿಲ್ಲ. ಕೊನೆಗೆ ಹೆಬ್ಬೆರಳು ಎತ್ತಿ ತೋರಿಸಿದ. ಅತ್ತಿಗೆ ಅವನ ಕೆನ್ನೆ ತಟ್ಟಿ ಕಳಿಸಿ, ಮತ್ತೆ ಕೋಟಿನ ತೋಳು ಹಿಡಿದರು.

ನಾನು ವಾಪಸು ಬಂದ ಮರುವರ್ಷ ಅತ್ತಿಗೆ ಲಾಂಡ್ರಿ ಬಿಟ್ಟು, ಆ ಕೋಣೆಗೆ ಬೀದಿಯ ಕಡೆಯಿಂದ ಇನ್ನೊಂದು ಬಾಗಿಲು ಇಡಿಸಿಕೊಂಡರು. ಗಿರಾಕಿಗಳು ಅಲ್ಲಿಂದಲೇ ಬಂದು ಹೋಗುತ್ತಾರೆ. ಅತ್ತಿಗೆ ಮಧ್ಯಾಹ್ನದ ಊಟವನ್ನೂ ಅಲ್ಲೇ ಮಾಡುತ್ತಾರಂತೆ. ಅಣ್ಣ ಫೋನು ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಾನೆ: "ವ್ಯಾಪಾರ ಚೆನ್ನಾಗಿದೆ ಕಣೇ. ಆದ್ರೆ ಮನೆ ಕಡೆ ಬರೋದೇ ಕಮ್ಮಿ."